ಹೋರಿಯ ಕೆಚ್ಚಲು

ಜಾಡಿಯ ಮುಚ್ಚಳ ತೆಗೆದರೆ ಹೊಗೆ ಏಳುತ್ತದೆ.
ಹೊಗೆಯಲ್ಲ ಅದು, ಚಳಿ.
ಸೊನ್ನೆಯಿಂದ ನೂರ ತೊಂಬತ್ತಾರು ಮೆಟ್ಟಿಲು ಕೆಳಗೆ
ಹದಿನಾಲ್ಕು ಹೋರಿಗಳು ನನ್ನ ಬೈಕಿನ ಹಿಂದೆ ಕೂತು
ಗರ್ತಿಕೆರೆಯಿಂದ ಅರಸಾಳಿಗೆ ಬರುತ್ತವೆ,
ಮೂಗುದಾರವಿಲ್ಲ, ಗುಟುರಿಲ್ಲ,
ಹುಲ್ಲುಕಡ್ಡಿಯಷ್ಟು ನಳಿಕೆಯಲ್ಲಿ ಒಂದೊಂದು.
ಹಳದಿ ಜರ್ಸಿ. ಗುಲಾಬಿ ಎಚ್ಚೆಫ್.

ಕನ್ನಮ್ಮನ ಬುಗುಡಿ ಬೆಳಗಿನಿಂದ ಕೂಗುತ್ತಿತ್ತು.
ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಬಿಲ್ಲೆ,
ಹೆಸರಿಗೆ ತಕ್ಕ ಒಡವೆ.
ಬಾಲದಡಿ ಲೋಳೆ ಗಾಜಿನ ದಾರದಂತೆ ಇಳಿದಿತ್ತು.
ಹೊತ್ತು ಸರಿಯಾಗಿದೆ ಎಂದೆ.
ಪಟ್ಟಿ ಬಿಚ್ಚಿ ಓದಿದೆ:
ಈ ಹೋರಿಯ ತಾಯಿ ಒಂದು ಸೂಲಿಗೆ ಆರು ಸಾವಿರ ಲೀಟರು,
ಡಿಗ್ರಿ ಚೆನ್ನಾಗಿದೆ, ಫ್ಯಾಟು ನಾಲ್ಕರ ಹತ್ತಿರ.

"ಹಾಲು ಕೇಳಲಿಲ್ಲ ನಾನು" ಅಂದಳು.
"ಅದರ ಅವ್ವನ ಕೆಚ್ಚಲು ಹ್ಯಾಂಗಿತ್ತು?"

ಹನ್ನೊಂದು ವರ್ಷದಿಂದ ಈ ಕೈಗವಸು ಹಾಕುತ್ತಿದ್ದೇನೆ.
ಯಾರೂ ಕೇಳಿರಲಿಲ್ಲ.

ಕೇಳಿದ್ದಕ್ಕೆ ಕಾರಣ ಕೊಟ್ಟಿಗೆಯ ಮೂಲೆಯಲ್ಲಿತ್ತು,
ಒಂದು ಖಾಲಿ ಗೂಟ.
ಬುಗುಡಿಯ ತಾಯಿ. ಹೊತ್ತಿಗೆ ಒಂಬತ್ತು ಲೀಟರು.
ಕೆಚ್ಚಲು ಹಿಂಗಾಲಿನ ಗಂಟಿಗಿಂತ ಕೆಳಗೆ ಜೋತು
ನಡೆವಾಗ ಅತ್ತಿತ್ತ ಬಡಿದು
ಹೊಸ್ತಿಲ ಕಲ್ಲಿಗೆ ತರಚಿ, ಸಗಣಿ ತಾಗಿ,
ಮೊದಲು ಹಿಂದಿನ ಎಡ ಮೊಲೆ ಕಲ್ಲಾಯಿತು.
ಮೊಸರಿನಂಥ ಚೂರು, ನೀರು, ಆಮೇಲೆ ನೆತ್ತರು.
ಟ್ಯೂಬು ಏರಿಸಿದ್ದು ನಾನೇ. ಮೂರು ದಿನ, ಮತ್ತೆ ಐದು ದಿನ.
ಡೇರಿಯ ಪರಸಪ್ಪ ಕ್ಯಾನಿನೊಳಗೆ ಮೂಗಿಟ್ಟು
ಏನೂ ಮಾತಾಡದೆ ವಾಪಸು ಕೊಟ್ಟ.
ಅದನ್ನು ಅವಳು ತೆಂಗಿನ ಬುಡಕ್ಕೂ ಸುರಿಯಲಿಲ್ಲ,
ದೂರ ಹೋಗಿ ಗುಂಡಿ ತೋಡಿದಳು.

ಶಿವಮೊಗ್ಗಕ್ಕೆ ಫೋನು ಹಚ್ಚಿದೆ.
ಇಮ್ತಿಯಾಜ್ ಡಾಕ್ಟರು ಊಟಕ್ಕೆ ಕೂತಿದ್ದರು.
ಕಾಗದ ಮಗುಚುವ ಸದ್ದು, ಕೆಮ್ಮು.
ಇದೆ ಮಾರಾಯ, ಕೊನೇ ಪುಟದಲ್ಲಿದೆ:
ಕೆಚ್ಚಲಿನ ಆಳ, ಮೊಲೆಯ ಉದ್ದ, ನಡುವಿನ ಕಟ್ಟು.
ನಿನ್ನ ಆರು ಸಾವಿರದ್ದು ಕಟ್ಟು ಸಡಿಲ.
ಇನ್ನೊಂದಿದೆ, ಹಾಲು ಸಾವಿರ ಕಡಿಮೆ,
ಐದು ಸೂಲಾದರೂ ಕೆಚ್ಚಲು
ಹೊಟ್ಟೆಗೆ ಅಂಟಿಕೊಂಡೇ ಇತ್ತಂತೆ.

"ಸಾವಿರ ಲೀಟರು ಹೋಯಿತಲ್ಲ, ಕನ್ನಮ್ಮ."
"ಕಮ್ಮಿ ಹಾಲು ಅಳೀಬೋದು ತಮ್ಮಾ.
ಕೀವು ಯಾವ ಮಾಪಿನಾಗೆ ಅಳೀತಿ?"

ಚಾ ಮಾಡುವ ತಂಬಿಗೆಯಲ್ಲಿ ಬಿಸಿನೀರು ಕೊಟ್ಟಳು.
ಮೂವತ್ತೇಳು ಡಿಗ್ರಿ, ಅರ್ಧ ನಿಮಿಷ.
ನಾನು ಗಡಿಯಾರ ನೋಡಿದೆ, ಅವಳು ಬಾಯಲ್ಲಿ ಎಣಿಸಿದಳು,
ಇಪ್ಪತ್ತೆಂಟಕ್ಕೇ ನಿಲ್ಲಿಸಿ "ಸಾಕು" ಅಂದಳು.
ಭುಜದ ತನಕ ಕೈ ಒಳಗೆ.
ಬುಗುಡಿ ಒಮ್ಮೆ ಬೆನ್ನು ಬಾಗಿಸಿತು.
ಅಷ್ಟು ಚಳಿಯಿಂದ ಇಷ್ಟು ಬಿಸಿಗೆ
ಒಂದು ಕೆಚ್ಚಲು ಪ್ರಯಾಣ ಮಾಡಿತು,
ಕೆಚ್ಚಲೇ ಇಲ್ಲದವನ ಮೈಯಿಂದ.

ಇಪ್ಪತ್ತೊಂದನೇ ದಿನ ಮತ್ತೆ ಕೂಗಿತು.
ಮತ್ತೆ ಹೋದೆ. ಈ ಸಲ ನಿಂತಿತು.

ಒಂಬತ್ತು ತಿಂಗಳು ಒಂಬತ್ತು ದಿನ.
ಕರು ಹಾಕಿದ ಸುದ್ದಿ ಕೇಳಿ ಹೋದರೆ
ಗಂಡು.
ಮುಖ ಎತ್ತಲಾಗಲಿಲ್ಲ ನನಗೆ.
ರಿಜಿಸ್ಟರು ತೆಗೆದು ಗಂಡು ಎಂದು ಬರೆವಾಗ
ಮುಂದಿನ ಸಲ ನೋಡೋಣ ಎಂದೇನೋ ಅಂದೆ.

ಅವಳು ಕೇಳಿಸಿಕೊಳ್ಳಲಿಲ್ಲ.
ಕರುವಿನ ಹಿಂಗಾಲು ಮೆಲ್ಲಗೆ ಅಗಲಿಸಿ
"ಬಗ್ಗು" ಅಂದಳು. ಬಗ್ಗಿದೆ.
ಒದ್ದೆ ರೋಮದ ನಡುವೆ
ಹೆಸರುಕಾಳಿನಷ್ಟು ನಾಲ್ಕು ಮೊಲೆ,
ಚೌಕಾಬಾರದ ಮನೆಗಳ ಹಾಗೆ ಸಮ ಅಂತರದಲ್ಲಿ.
ಯಾವತ್ತೂ ಹಾಲು ಬಾರದ ನಾಲ್ಕು.
ಮುಟ್ಟಲಿಲ್ಲ ಅವಳು, ಬೆರಳು ತೋರಿಸಿದಳು ಅಷ್ಟೆ.

"ಇವನ್ನ ಯಾರಿಗೂ ಕೊಡಲ್ಲ ನಾನು"
ಎಂದು ಆ ಗೂಟಕ್ಕೆ ಹಗ್ಗ ಹುಡುಕಲು ಒಳಗೆ ಹೋದಳು.

ನಾನು ಇನ್ನೂ ಬಗ್ಗಿಯೇ ಇದ್ದೆ.