ದೂಮಪ್ಪ ಆಚಾರಿಯ ಕೋನ

ಮೊದಲು ಮಾರ್ಕರಿನಲ್ಲಿ ಅಲಗಿನ ಇಳಿಜಾರಿಗೆ ಕಪ್ಪು ಬಳಿಯುತ್ತೇನೆ,
ತುದಿಯಿಂದ ಹಿಮ್ಮಡಿಯವರೆಗೆ.
ಗ್ರೈಂಡರಿನ ಸ್ವಿಚ್ಚು ಹಾಕದೆ
ಬಿಳಿ ಕಲ್ಲನ್ನು ಬೆರಳಲ್ಲೇ ತಿರುಗಿಸಿ
ಒಂದು ಸಲ ಮುಟ್ಟಿಸುತ್ತೇನೆ.
ಕಪ್ಪು ಎಲ್ಲಿ ಅಳಿಸಿತು?
ಹಿಮ್ಮಡಿಯಲ್ಲಾದರೆ ಜಿಗ್ಗಿನ ತೋಳು ಕೂದಲೆಳೆಯಷ್ಟು ಹೊರಗೆ,
ತುದಿಯಲ್ಲಾದರೆ ಒಳಗೆ.
ಇಡೀ ಇಳಿಜಾರು ಬೆಳ್ಳಗಾದರೆ ಮಾತ್ರ
ಕರೆಂಟು, ಕಿಡಿ, ಸದ್ದು.

ಹಲಸಿನ ತುಂಡಿಗೊಂದು ಗುಳಿ, ಜಾರುವ ಚೌಕ ಪೈಪು,
ಬಂದರಿನ ಗುಜರಿಯಲ್ಲಿ ತೂಕಕ್ಕೆ ಸಿಕ್ಕಿದ
ಯಾವುದೋ ಬೋಟಿನ ರೆಕ್ಕೆ ನಟ್ಟು.
ಇಷ್ಟೇ ನನ್ನ ಜಿಗ್ಗು.
ಹಿಡಿಯ ಬುಡ ಗುಳಿಯಲ್ಲಿ ಕೂತಿತೆಂದರೆ
ಉಳಿಯ ತುದಿ ಕಲ್ಲಿನ ಅದೇ ಜಾಗಕ್ಕೆ ಬರುತ್ತದೆ,
ನನಗೆ ಜ್ವರ ಬಂದ ದಿನವೂ,
ಮಾಲಿಕನ ಜೊತೆ ಬಾಡಿಗೆಗೆ ಜಗಳವಾದ ದಿನವೂ.

ದೂಮಪ್ಪ ಆಚಾರಿಗೆ ಇದು ಕಂಡರಾಗುತ್ತಿರಲಿಲ್ಲ.
"ಕೈ ಉಂಡತ್ತಾ ಜೆಸಿಂತಾ, ಉಂದು ದಾಯೆಗ್?"
ಅವರು ಹಿಡಿಯನ್ನು ಸೊಂಟಕ್ಕೊತ್ತಿ
ಮೈಯನ್ನೇ ಓಲಾಡಿಸಿ ಮಸೆಯುವವರು.
ಕೆಳಗೆ ಬೀಳುವ ಕಿಡಿ ತಿರುಗಿ
ಅಲಗಿನ ಮೇಲೆ ಹತ್ತಿ ಬಂದರೆ
ಸಾಕು, ಎನ್ನುವವರು.
ನಾನು ಮಸೆದರೆ ಒಂದು ಅಲಗಿಗೆ ಮೂರು ಮುಖ,
ಮೂರಕ್ಕೂ ನೀಲಿ ಸುಟ್ಟ ಕಲೆ.
ಅವರು ಏನೂ ಹೇಳದೆ ನೀರಿನ ಡಬ್ಬಿಯನ್ನು
ನನ್ನ ಕಡೆ ತಳ್ಳುತ್ತಿದ್ದರು.
ಬೈದಿದ್ದರೆ ಎಷ್ಟೋ ವಾಸಿ.

ಮಜ್ಜಿಗೆಯನ್ನೂ ಕಡೆಯುತ್ತೇವೆ, ಮರವನ್ನೂ.
ಮಜ್ಜಿಗೆಯಲ್ಲಿ ಬೇಕಾದದ್ದು ತೇಲಿ ಬರುತ್ತದೆ.
ಇಲ್ಲಿ ಹಾರಿಬಂದದ್ದೆಲ್ಲ ಹೊಟ್ಟು,
ತಲೆಗೂದಲಲ್ಲಿ, ಬ್ಲೌಸಿನೊಳಗೆ, ಚಹಾದ ಗ್ಲಾಸಿನಲ್ಲಿ.
ಉಳಿ ಮುಟ್ಟದೆ ಉಳಿದದ್ದಕ್ಕೆ
ಗಿರಾಕಿ ದುಡ್ಡು ಕೊಡುತ್ತಾನೆ.

ಅವರ ಕೈ ನಡುಗತೊಡಗಿದ ವರ್ಷ
ಎಣ್ಣೆಗಪ್ಪಾದ ಲುಂಗಿಯಲ್ಲಿ ಸುತ್ತಿ
ಏಳು ಉಳಿ ತಂದಿಟ್ಟರು ಜೆಪ್ಪುವಿನ ಈ ಬಾಗಿಲಿಗೆ.
ಉಪ್ಪುಗಾಳಿಗೆ ತುಕ್ಕು ಹತ್ತದ ಹಾಗೆ
ಒಂದೊಂದಕ್ಕೂ ತೆಂಗಿನೆಣ್ಣೆ ಸವರಿತ್ತು.
ಅವರು ಹೋದಮೇಲೆ, ಕದ್ದವಳ ಹಾಗೆ,
ಪಕ್ಕದ ಮನೆಯ ಹುಡುಗನ ಕಂಪಾಸು ಪೆಟ್ಟಿಗೆಯಿಂದ
ಕೋನಮಾಪಕ ತಂದು ಅಳೆದೆ.
ಮೂವತ್ತೆಂಟು. ನಲವತ್ತೈದು. ನಲವತ್ತೊಂದು.
ಐವತ್ತೆರಡು, ಅದೂ ಎಡಕ್ಕೆ ವಾಲಿದ್ದು.
ಏಳಕ್ಕೆ ಏಳು ಬೇರೆ.
ಹನ್ನೊಂದು ವರ್ಷ ನಾನು ನಕಲು ಮಾಡಲು ಹೆಣಗಿದ್ದು
ಇಲ್ಲದ ಒಂದು ಕೋನವನ್ನು.

ಮರುದಿನ ಹೇಳಿದೆ, ಹೇಳಬಾರದಿತ್ತೇನೋ.
"ಹಾಗುಂಟಾ?" ಅಂದರು.
ಕನ್ನಡಕ ಕೇಳಿದರು. ತಾವೇ ಅಳೆದರು,
ನಡುಗುವ ಕೈಯಿಂದ, ಆ ಪ್ಲಾಸ್ಟಿಕ್ ಅರ್ಧಚಂದ್ರವನ್ನು
ತಲೆಕೆಳಗಾಗಿ ಹಿಡಿದು ಒಮ್ಮೆ, ನೆಟ್ಟಗೆ ಒಮ್ಮೆ.
ನಕ್ಕರು. ಆಮೇಲೆ ಸ್ವಲ್ಪ ಹೊತ್ತು ನಗಲಿಲ್ಲ.
ಹೊರಗೆ ಮೀನಿನ ರಿಕ್ಷಾದ ಹಾರ್ನು.
ಕೊನೆಗೆ ಎಲ್ಲಕ್ಕಿಂತ ಗಿಡ್ಡದ್ದನ್ನು,
ಸವೆದು ಸವೆದು ಬೆರಳುದ್ದ ಉಳಿದದ್ದನ್ನು
ನನ್ನ ಮುಂದೆ ನೂಕಿದರು.
ಅದರ ನಲವತ್ತಮೂರಕ್ಕೆ ಜಿಗ್ಗಿನ ತೋಳನ್ನು ಬಿಗಿದು
ಪೈಪಿನ ಮೇಲೆ ಗೀರು ಹಾಕಿಕೊಂಡೆ.

ಬಿಜೈಯ ಮನೆಯೊಂದರ ಮೆಟ್ಟಿಲಿಗೆ
ಅರವತ್ತೆರಡು ಕಂಬಿ, ಎಲ್ಲ ಒಂದೇ ಹೊಟ್ಟೆ, ಒಂದೇ ಕೊರಳು.
ನಾಲ್ಕು ಕಂಬಿಗೊಮ್ಮೆ ಉಳಿ ಕಲ್ಲಿಗೆ.

ಈಗ ಶನಿವಾರ ಶನಿವಾರ ಬರುತ್ತಾರೆ,
ಕಾಲು ಗಿಡ್ಡವಾಗಿ ಮಾರಲಾಗದ ನನ್ನದೇ ಸ್ಟೂಲಿನಲ್ಲಿ
ಗೋಡೆಗೆ ಮುಖಮಾಡಿ ಕೂರುತ್ತಾರೆ. ನೋಡುವುದಿಲ್ಲ.
ಮೊನ್ನೆ ನಾನು ಮಸೆಯುತ್ತಿದ್ದಾಗ
ಬೆರಳೆತ್ತಿ "ಹೊರಗೆ" ಅಂದರು, "ಒಂಚೂರು."
ನಿಲ್ಲಿಸಿದೆ. ಕಪ್ಪು ಬಳಿದೆ. ಮುಟ್ಟಿಸಿದೆ.
ತುದಿಯಿಂದ ಹಿಮ್ಮಡಿಯವರೆಗೆ ಬೆಳ್ಳಗೆ,
ಎಲ್ಲೂ ಕೂದಲೆಳೆಯಷ್ಟು ಕಪ್ಪಿಲ್ಲ.

ರೆಕ್ಕೆ ನಟ್ಟನ್ನು ಸದ್ದಾಗುವ ಹಾಗೆ ಸಡಿಲಿಸಿ
ಅದೇ ಗೀರಿಗೆ ತಂದು ಬಿಗಿದೆ.
ಸ್ವಿಚ್ಚು ಹಾಕಿದೆ.

"ಇತ್ತೆ ಸರಿ ಆಂಡ್," ಅಂದರು ಗೋಡೆಗೆ.