ಮೂಳೆ ಓದದ ವರ್ಷ

ಅಕ್ಟೋಬರಿನ ಒಂದು ರಾತ್ರಿ ಅವು ಬಂದವು.
ಮೊದಲು ಸದ್ದು: ದೂರದಲ್ಲೆಲ್ಲೋ ತುಕ್ಕು ಹಿಡಿದ ಗೇಟು ತೆರೆದಂತೆ,
ಆಮೇಲೆ ಹತ್ತಾರು ಗೇಟು,
ಆಮೇಲೆ ಕಿಶ್ಕುನ್ ಬಯಲಿನ ಆಕಾಶವೆಲ್ಲ ಗೇಟೇ.

ಕೊಟ್ಟಿಗೆಯಲ್ಲಿ ನಮ್ಮವು ಕತ್ತೆತ್ತಿದವು,
ನಾಲ್ಕು ಸಾವಿರದ ಇನ್ನೂರು ಬಿಳಿ ಕತ್ತು.
ತವರಿನವರ ದನಿ ಹೆಬ್ಬಾತಿಗೂ ಗುರುತು ಸಿಗುತ್ತದೆ,
ಎಷ್ಟು ತಲೆಮಾರು ಕೊಬ್ಬಿ, ಹಾರಲಾರದೆ ಹೋದರೂ.
ವೆಂಡೆಲ್ ಮಗ್ಗುಲಾದ. 'ಮಲಗು, ಅವು ಕೆರೆಗೆ ಹೋಗುವವು.'
ಹೌದು, ಉಪ್ಪುನೀರಿನ ಕೆರೆಗೆ. ನಮ್ಮ ಬೇಲಿಯಿಂದ ಇನ್ನೂರು ಹೆಜ್ಜೆ.
ತವರಿನವರು ಬರಿಗೈಲಿ ಬರುತ್ತಾರೆಯೇ?
ಬೆಳಿಗ್ಗೆ ಜೋಳದ ತೊಟ್ಟಿಯ ಅಂಚಿನಲ್ಲಿ ಹಸಿರು ಹಿಕ್ಕೆ,
ಬೆರಳುದ್ದ.

ಹನ್ನೊಂದನೇ ದಿನ ಒಂದು ಹೆಬ್ಬಾತು
ಮರೆತ ಮಾತು ಹುಡುಕುವವರಂತೆ ತನ್ನ ಸುತ್ತಲೇ ತಿರುಗಿತು,
ಕತ್ತು ತಿರುಚಿ ಆಕಾಶ ನೋಡಿತು.
ಸಂಜೆಗೆ ಮೂವತ್ತು. ಮಾರನೆಯ ದಿನ ಎಣಿಸಲಿಲ್ಲ.

ಮೈತುಂಬ ಬಿಳಿ ತೊಟ್ಟವರು ಬಂದರು, ಮುಖವಿಲ್ಲದವರು.
ಒಬ್ಬನನ್ನು ದನಿಯಿಂದ ಹಿಡಿದೆ: ಬೇಕರಿಯವರ ಮಗ ಬೆನೆಡೆಕ್,
ಹೋದ ವಾರ ಬಿಸಿ ಬ್ರೆಡ್ಡು ಕಟ್ಟಿಕೊಟ್ಟವ.
'ಕ್ಷಮಿಸಿ ಅಕ್ಕಾ' ಎಂದ, ಮುಖವಾಡದೊಳಗೆ ಮಂಜು ಕಟ್ಟಿತು.
ಗ್ಯಾಸಿನ ಸಿಲಿಂಡರು ಮಧ್ಯಾಹ್ನದವರೆಗೆ ಸುಯ್ಗುಟ್ಟಿದವು.
ಆಮೇಲೆ,
ನಮ್ಮ ಗೋಡೆ ಗಡಿಯಾರಕ್ಕೆ ಇಷ್ಟು ದೊಡ್ಡ ಬಾಯಿದೆಯೆಂದು
ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಕ್ಕೆ ಗೊತ್ತಾಯಿತು.

ಡಾಕ್ಟರ್ ಸಿಲ್ವಾಶಿ ಅಡುಗೆಮನೆಯಲ್ಲಿ ಕೂತು ಕಾಗದ ತುಂಬುತ್ತಿದ್ದರು.
'ಯಾರಿಂದ ಬಂತು?'
'ಕೆರೆಯವುಗಳಿಂದ' ಎಂದವರು ಪೆನ್ನು ನಿಲ್ಲಿಸಿ,
'ಅವಕ್ಕೆ, ನಿಮ್ಮಂಥವರ ಕೊಟ್ಟಿಗೆಯಿಂದ. ತುಂಬ ಹಿಂದೆ. ತುಂಬ ದೂರ.'
ಕೆರೆಯಲ್ಲೂ ಹೆಣಗಳಂತೆ, ದೋಣಿಯಲ್ಲಿ ಹೇರಿ ತರುತ್ತಾರಂತೆ.
ಶಪಿಸಲೆಂದು ತೆರೆದ ಬಾಯಿ ಹಾಗೇ ಮುಚ್ಚಿ
ಅವರಿಗಿಷ್ಟು ಕಾಫಿ ಬಗ್ಗಿಸಿದೆ.

ನಾಯಿಗೆ ಯಾರೂ ಹೇಳಲಿಲ್ಲ.
ಸಂಜೆ ಐದಕ್ಕೆ ಎದ್ದು ಬೇಲಿಯಾಚೆ ಹೋಗುತ್ತದೆ,
ಇಲ್ಲದ ಹಿಂಡನ್ನು ಬಳಸಿ ಓಡಿ, ಹಿಂದುಳಿದದ್ದಕ್ಕೆ ಗದರಿ,
ಎಲ್ಲವನ್ನೂ ಒಳಗೆ ಹೊಡೆದುಕೊಂಡು ಬಂದು
ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತದೆ.
ನಾನು ಬಾಗಿಲು ಹಾಕುತ್ತೇನೆ.

ನವೆಂಬರ್ ಹನ್ನೊಂದು, ಸಂತ ಮಾರ್ಟನ್‌ನ ದಿನ.
ಅಂದು ಹೆಬ್ಬಾತು ಉಣ್ಣದವರಿಗೆ ವರ್ಷವಿಡೀ ಹಸಿವೆಂದು ನಮ್ಮ ಕಡೆಯ ಮಾತು.
ಉಂಡ ಮೇಲೆ ಅತ್ತೆ ಯೋಲಾನ್ ಎದೆಮೂಳೆ ಒರೆಸಿ ದೀಪಕ್ಕೆ ಹಿಡಿಯುವಳು:
ಬೆಳ್ಳಗಿದ್ದರೆ ಹಿಮ, ಕಂದಿದ್ದರೆ ಕೆಸರು.
ಈ ಸಲ ಆಲೂಗಡ್ಡೆ ಬೇಯಿಸಿದ್ದೆ.
ಊಟ ಮುಗಿದರೂ ಅವಳ ಬೆರಳು ತಟ್ಟೆಯಲ್ಲಿ ಏನೋ ತಡಕುತ್ತಿತ್ತು.
'ಚಳಿಗಾಲ ಹೇಗಿದ್ದೀತು, ಅಮ್ಮಾ?'
ಕೇಳಬಾರದಿತ್ತು, ಕೇಳಿದೆ.
ಅವಳು ತನ್ನ ಕೈಯನ್ನೇ ದೀಪಕ್ಕೆ ಹಿಡಿದಳು,
ಹಿಂದೆ ತಿರುಗಿಸಿ, ಮುಂದೆ ತಿರುಗಿಸಿ, ಬಹಳ ಹೊತ್ತು.
ಏನೂ ಹೇಳದೆ ಎದ್ದು ಹೋಗಿ
ನಮ್ಮವೇ ಹೆಬ್ಬಾತುಗಳ ಪುಕ್ಕ ತುಂಬಿದ ದಿಂಬಿಗೆ ತಲೆಯಿಟ್ಟಳು.

ಮೇಲೆ ಒಂದೊಂದಾಗಿ ಗೇಟುಗಳು ತೆರೆಯುತ್ತಿದ್ದವು.
ನಾಯಿ ಒಮ್ಮೆ ಬೊಗಳಿತು.