ಸೊನ್ನೆಯಲ್ಲಿ ಎಚ್ಚರ

ಶಿಡ್ಲಘಟ್ಟದ ಖೈರುನ್ನಿಸಾ. ಅರವತ್ತೆರಡು.
ಬಲಗಡೆಯ ಚಪ್ಪೆ ಕೀಲು, ಬದಲಿಸುವುದು.
ಕೇಸ್‌ಶೀಟಿನಲ್ಲಿ ಇಷ್ಟೇ.
ನಲವತ್ತು ವರ್ಷ ಬಿಸಿನೀರ ಬಾಣಲೆಯ ಮುಂದೆ ಕೂತು
ಗೂಡಿನಿಂದ ನೂಲೆಳೆದದ್ದನ್ನು
ಬೆರಳು ಹೇಳಿತು:
ಆಕ್ಸಿಜನ್ ಅಳೆಯುವ ಕ್ಲಿಪ್ಪು ಕಚ್ಚಿಸಿದರೆ
ಬೆಂದು ಬೆಂದು ಜಡ್ಡುಗಟ್ಟಿದ ತುದಿಗಳು,
ಮೂರು ಬೆರಳು ಬದಲಿಸಿದ ಮೇಲೆ
ಸಿಕ್ಕಿತು ರೀಡಿಂಗು.

ನಾನು ಅರಿವಳಿಕೆಯವಳು.
ಚಿಕ್ಕಬಳ್ಳಾಪುರದ ಈ ಆಸ್ಪತ್ರೆಯಲ್ಲಿ
ಮೂಳೆ ಡಾಕ್ಟರ ಹೆಸರು ಬೋರ್ಡಿನ ಮೇಲೆ,
ನನ್ನದು ಬಿಲ್ಲಿನ ಕೆಳಗೆ,
ಅದೂ ಒಮ್ಮೊಮ್ಮೆ ತಪ್ಪು.
ಅರಿವನ್ನು ಅಳಿಸುವವಳೆಂದು
ಭಾಷೆಯೇ ನನ್ನ ಮೇಲೆ ಅಪವಾದ ಹೊರಿಸಿದೆ.

'ಕಾಲು ಪೂರ್ತಿ ಸತ್ತುಹೋಗತ್ತಾ?'
ಆಪರೇಷನ್ ಮುಗಿಯೋವರೆಗೆ ಮಾತ್ರ.
ಆಮೇಲಿನ ನೋವಿಗೆ ಬೇರೆ ಸೂಜಿ,
ನರದ ಹತ್ತಿರ, ನರಕ್ಕೆ ತಾಗದ ಹಾಗೆ.
'ನರ ಕಡೀತೀರಾ?'
ಇಲ್ಲ ಖಾಲಾ. ಅದರ ಬಾಯಿಗೆ
ಹದಿನಾರು ಗಂಟೆ ಕೈ ಅಡ್ಡ ಇಡ್ತೀವಿ, ಅಷ್ಟೇ.
ಹನ್ನೆರಡೂ ಆಗಬಹುದು, ಇಪ್ಪತ್ತೂ.
'ನಮ್ಮ ಕರೆಂಟಿನ ಹಾಗೆ,' ಅಂದಳು.
ವಾರ್ಡ್‌ಬಾಯ್ ಕೂಡ ನಕ್ಕ.

ತೊಡೆಸಂದಿಗೆ ತಣ್ಣನೆಯ ಜೆಲ್ ಹಚ್ಚಿ ಪ್ರೋಬ್ ಇಟ್ಟೆ.
ಪರದೆಯ ಮೇಲೆ ಬೂದುಬಣ್ಣದ ಗದ್ದಲ:
ಮೂಳೆಯ ಬಿಳಿ ಗೆರೆ, ಅದರ ಮೇಲೆ ಸ್ನಾಯು,
ಮಿಡಿಯುವ ಕರಿ ಉಂಗುರ, ಅತ್ತ ಹೋಗಬಾರದು.
ಕತ್ತು ಹೊರಳಿಸಿ ಅವಳೂ ನೋಡಿದಳು.
'ಕುದಿಯೋ ನೀರಲ್ಲಿ ಗೂಡು ಇದ್ದ ಹಾಗಿದೆ.
ಎಳೆಯ ತುದಿ ಕಣ್ಣಿಗೆ ಸಿಗಲ್ಲಮ್ಮ,
ಕೈಗೇ ಸಿಗಬೇಕು.'
ಯಾವ ಪ್ರೊಫೆಸರೂ
ಇಷ್ಟು ಸರಿಯಾಗಿ ಹೇಳಿರಲಿಲ್ಲ.
ಔಷಧಿ, ಮೂಳೆಗೂ ಸ್ನಾಯುವಿಗೂ ನಡುವೆ,
ಚಾಪೆಯಡಿ ನೀರು ಹರಿದ ಹಾಗೆ
ಕಪ್ಪಗೆ ಹರಡಿಕೊಂಡಿತು.

ರಾತ್ರಿ ಎರಡಕ್ಕೆ ಸಿಸ್ಟರ್ ಫೋನು.
'ಪೇಷೆಂಟು ಮಲಗ್ತಿಲ್ಲ ಮೇಡಂ.'
ನೋವಾ?
'ಇಲ್ಲ ಅಂತಾರೆ. ಅದಕ್ಕೇ ಮಲಗ್ತಿಲ್ಲ ಅಂತಾರೆ.'

ಹನ್ನೊಂದು ವರ್ಷದ ನೋವು.
ಆಜಾನಿಗೂ ಮುಂಚೆ ಎಬ್ಬಿಸುತ್ತಿತ್ತಂತೆ,
ಮಗ್ಗುಲು ಬದಲಿಸಿದರೆ ಬೈಯುತ್ತಿತ್ತಂತೆ,
ನೆಲದ ನಮಾಜು ಬಿಡಿಸಿ
ಕುರ್ಚಿಗೆ ಹತ್ತಿಸಿದ್ದೂ ಅದೇ.
'ಎಲ್ಲಿ ಹೋಯ್ತು ಅಂತ ಕಾಯ್ತಿದೀನಿ.'

ನಮ್ಮ ಚಾರ್ಟಿನಲ್ಲಿ
ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ.
ಸೊನ್ನೆ ಬಂದವರು ಪಾಸು.
ಸೊನ್ನೆಯಲ್ಲಿ ಎಚ್ಚರ ಕೂತವರಿಗೆ
ಕಾಲಂ ಇಲ್ಲ.

ಬರತ್ತೆ ಖಾಲಾ, ಬೆಳಗಿನ ಜಾವಕ್ಕೆ.
ಆದರೆ ಬರೋದು ಅದಲ್ಲ.
ಅದನ್ನ ಸವೆದ ಮೂಳೆಯ ಜೊತೆ ಕೊಯ್ದು
ಹಳದಿ ಚೀಲಕ್ಕೆ ಹಾಕಿ ಆಯಿತು.
ಬರೋದು ಹೊಸದು, ಹೊಲಿಗೆಯದು,
ಹೆಚ್ಚು ದಿನ ಇರಲ್ಲ.
ಬಾಗಿಲು ತಟ್ಟುವ ಮೊದಲೇ ಮಾತ್ರೆ ತಗೊಳ್ಳಿ,
ಒಳಗೆ ಬಂದಮೇಲೆ ಮಾತು ಕೇಳಲ್ಲ ಅದು.

ಮಾತ್ರೆ ಅಂಗೈಯಲ್ಲಿಟ್ಟುಕೊಂಡು
ಬಹಳ ಹೊತ್ತು ನೋಡಿದಳು.
'ಒಂದ್ಸಲ ಮುಖ ನೋಡಿಬಿಡ್ತೀನಿ. ಆಮೇಲೆ.'
ಗದರಬೇಕಿತ್ತು. ಗದರಿದೆ ಕೂಡ.
ನಾನು ಬಾಗಿಲು ದಾಟಿದ ಮೇಲೆ
ನುಂಗಿದಳೋ, ದಿಂಬಿನಡಿ ಇಟ್ಟಳೋ.

ಐದೂಕಾಲು. ಗೌರಿಬಿದನೂರು ಬಸ್ಸಿನ ಹಾರ್ನು.
ಸಿಸ್ಟರ್ ಬರೆದಿದ್ದಳು: ನೋವು, ಆರು.
ಹೋದರೆ, ಹಣೆಯೆಲ್ಲ ಬೆವರು,
ಖಾಲಿ ನೀರಿನ ಲೋಟ ಪಕ್ಕದಲ್ಲಿ.
ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ
ಬೆಲೆ ಹೇಳುವವರ ದನಿಯಲ್ಲಿ
'ಇದು ಅದಲ್ಲ,' ಅಂದಳು. 'ಹಸಿ ಇದು.'
ಆಮೇಲೆ ನಿದ್ದೆ, ಬಾಯಿ ತೆರೆದು,
ರೌಂಡ್ಸಿನ ಗದ್ದಲದಲ್ಲೂ.

ಹನ್ನೊಂದಕ್ಕೆ ವಾಕರ್ ಕೊಟ್ಟು ನಿಲ್ಲಿಸಿದರು.
'ಕಾಲು ಉದ್ದ ಮಾಡಿಬಿಟ್ಟಿದೀರಿ'
ಎಂದು ಮೂಳೆ ಡಾಕ್ಟರಿಗೆ ದೂರು.
ನನ್ನ ಹೆಸರು ಕೇಳಲಿಲ್ಲ.
ವಾಕರಿನಿಂದ ಒಂದು ಕೈ ಬಿಡಿಸಿ
ನನ್ನ ಬೆರಳ ತುದಿಗಳನ್ನು
ಹೆಬ್ಬೆರಳಿನಿಂದ ಒಂದೊಂದಾಗಿ ಸವರಿ ನೋಡಿ,
'ಇನ್ನೂ ಮೆತ್ತಗಿವೆ' ಅಂದು
ಬಿಟ್ಟಳು.